ಪಗಾರಿಲ್ಲದ ಆಳು

ಧಾರವಾಡದಿಂದ ಬಸ್ಸಿನಾಗ ಬಂದಾವಂತ,
ಬಳಿ ಡಬ್ಬಿಯೊಳಗ ಕುಂತು.
ಮುಚ್ಚಳಕ್ಕ ದಬ್ಬಳದ ಏಳು ತೂತು.
ಉಡ್ಯಾಗ ಇಟಗೊಂಡಿದ್ಲು ಸುವರ್ಣಾ, ಅಂದಾನೆಪ್ಪನ ಸೊಸಿ.
"ಏನೈತಿ ಇದರಾಗ?" ಕಂಡಕ್ಟರ ಕೇಳಿದರ
"ಆಳು ಅದಾವ್ರಿ," ಅಂದಳಂತ,
"ಕಾಂಗ್ರೆಸ್ ಕಸಕ್ಕ ಹೊಂಟಾವು. ಅರ್ಧಾ ಟಿಕೀಟು ಹರೀರಿ."

ಆಳು ಅಂದ್ರ ನಾವು.
ನಾನು ಫಕ್ಕೀರವ್ವ, ಗ್ಯಾಂಗಿನ ಮುಂದಿನಾಕಿ.
ಹನ್ನೊಂದು ಹೆಣ್ಮಕ್ಕಳು, ಹನ್ನೊಂದು ಕುರಪಿ,
ಸಂಶಿ ಹಾದ್ಯಾಗ ಒಂದ ಟಂಟಂದಾಗ ಒತ್ತಿ ಕುಂತು
ಬೆಣ್ಣಿಹಳ್ಳ ದಾಟೂವ್ರು.
ಕುಕ್ಕರಗಾಲಿಲೆ ಸರದು ಸರದು
ಹೆಸರಿನ ಸಾಲು ಮುಗಿಯೂದ್ರಾಗ
ಹೊತ್ತು ನೆತ್ತಿ ದಾಟಿರತೈತಿ.

ಕರಕಿ ಗೊತ್ತೈತಿ ನಮಗ. ಒಂದು ಗೆಣ್ಣು ಉಳಸ್ರಿ,
ಎಂಟು ದಿನಕ್ಕ ಬೀಗರ ಕರಕೊಂಡು ಬರತೈತಿ.
ಜೇಕಿನ ಗಡ್ಡಿ ಮಣ್ಣಾಗ ಕುಂತ ನಗತೈತಿ.
ಕಾಂಗ್ರೆಸ್ ಕಸದ್ದು ನಗಿ ಅಲ್ಲ.
ದ್ಯಾಮವ್ವನ ಕುತಗಿ ನೋಡ್ರಿ,
ಸುಟ್ಟ ಹಂಚಿನಂಗ ಕರ್ರಗ, ತೊಗಲು ದಪ್ಪಾಗಿ.
ಹೂವು ಬಿಟ್ಟಾಗ ಕಾಶಿಂಬಿ ರಾತ್ರಿಯೆಲ್ಲಾ
ಗ್ವಾಡಿಗೆ ಒರಗಿ ಕುಂತು ಉಸರು ಹುಡುಕತಾಳ.

ಒಂದು ವರ್ಷ ಅಂದಾನೆಪ್ಪ ಔಷಧ ಹೊಡಿಸಿದ.
ಒಬ್ಬ ಹುಡುಗ, ಒಂದು ಪಂಪು, ಒಂದು ಮಧ್ಯಾಹ್ನ,
ನಮ್ಮ ಎಂಟು ದಿನದ ಕೂಲಿ
ಬದುವಿನ ಮ್ಯಾಲೆ ಹಳದಿ ಆಗಿ ಬಿದ್ದಿತ್ತು.
ಕಸಾ ಹೋತು.
ಹಕ್ಕರಕಿನೂ ಹೋತು.
ಬುತ್ತಿ ಬಿಚ್ಚಿದಾಗ ಕೈ ತಾನ ಬದುವಿಗೆ ಹೋಗತೈತಿ,
ನಾಕ ಎಸಳು ಹರಕೊಂಡು
ಎಣ್ಣಿ ಚಟ್ನಿ ಹಚ್ಚಿ ರೊಟ್ಯಾಗ ಸುತ್ತಾಕ.
ಖಾಲಿ ಬಂತು ಕೈ.
ಯಾವದು ಕಸಾ ಅನ್ನೂದು
ಹೊಲಾ ಯಾರದು ಅನ್ನೂದರ ಮ್ಯಾಲೈತಿ.

ಸುವರ್ಣಾ ಡಬ್ಬಿ ಬಿಚ್ಚಿದಳು.
ಗುಲಗಂಜಿಯಷ್ಟ ಹುಳಾ,
ಕೆನಿಬಣ್ಣದ ಬೆನ್ನಿಗೆ ಕಾಡಿಗಿ ಗೀರು,
ಕೂಸಿಗೆ ದೃಷ್ಟಿಬೊಟ್ಟು ಇಡಾಕ ಹೋಗಿ ಕೈ ಜಾರಿದಂಗ.
"ಇವು ಅದೊಂದ ಕಸಾ ತಿಂತಾವು.
ಹಸದು ಸತ್ತರೂ ಹೆಸರಿಗೆ ಬಾಯಿ ಹಚ್ಚೂದುಲ್ಲ."
"ರೋಜಾ ಹಿಡದಾವೇನವಾ?" ಕಾಶಿಂಬಿ ನಕ್ಕಳು.
ನಾ ನಗಲಿಲ್ಲ, ಲೆಕ್ಕಾ ಹಾಕಾಕತ್ತಿದ್ದೆ.
ಪಗಾರಿಲ್ಲ. ಚಾ ಇಲ್ಲ. ಟಂಟಂ ಬಾಡಿಗಿಲ್ಲ.
ಮಗಳ ಲಗ್ನ ಅಂತ ಮುಂಗಡಾನೂ ಕೇಳೂದುಲ್ಲ.

ಆ ವರ್ಷ ಏನೂ ಆಗಲಿಲ್ಲ.
ಗುಬ್ಬಿಗೆ ಹಬ್ಬಾ ಆತು ಅಂದ ಅಂದಾನೆಪ್ಪ.
ದೀಪಾವಳಿ ಕಳದ ಮ್ಯಾಲೆ ಒಂದೂ ಕಾಣಲಿಲ್ಲ.
ಮಣ್ಣಾಗ ಇಳದು ಮಲಗ್ಯಾವ ಅಂದಳು ಸುವರ್ಣಾ,
ಉಣ್ಣದ, ಉಸರೆತ್ತದ.
ಎರಿ ಬಾಯಿ ಬಿಟ್ಟ ಬ್ಯಾಸಗಿ.
ನಾವೂ ಹಂಗ ಇದ್ವಿ, ಮನ್ಯಾಗ,
ಕುರಪಿ ಜಂತಿಗೆ ಸಿಗಿಸಿ.

ಮಿರಗದ ಮಳಿ ಹದಾ ಆತು.
ಬದುವಿನ ಮಣ್ಣು ಅಲ್ಲಲ್ಲಿ ಸಣ್ಣಗ ಒಡದು
ಎದ್ದು ಬಂದುವು,
ಬೆನ್ನಿಗೆ ಕೆಸರು ಮೆತಗೊಂಡು, ಐವತ್ತಲ್ಲ, ಎಣಿಸಾಕ ಬರಲಾರದಷ್ಟು.
ಆರಿದ್ರಿ ಹಿಡದಾಗ ಬದುವಿನ ಕಾಂಗ್ರೆಸ್ ಕಸಾ
ಬರೇ ದಂಟು, ಹೂವಿಲ್ಲದ ದಂಟು,
ಜರಡಿ ಹಿಡದಂಗ ಎಲಿ.

ನಮಗೂ ಫೋನು ಬಂತು.
"ಎಡಿ ಹೊಡದೇವಿ, ಸಾಲಿನಾಗಿಂದು ತಗಿಯಾಕ ಬರ್ರಿ.
ಎಂಟು ಮಂದಿ ಸಾಕು.
ಬದುವಿಂದು ಹುಳಾ ನೋಡಕೋತಾವು."

ಯಾರನ್ನ ಬಿಡ್ಲಿ?
ಹನ್ನೊಂದೂ ಮಂದಿ ಹ್ವಾದ್ವಿ,
ಎಂಟರ ಪಗಾರ ಹನ್ನೊಂದಕ್ಕ ಹಂಚಿದ್ವಿ.
ಕೂಡಿಸಿ ನೋಡ್ರಿ ಬೇಕಾರ, ಸಮಾ ಬರೂದುಲ್ಲ.

ಬುತ್ತಿ ಹೊತ್ತಿಗೆ ಬದುವಿನ ಮ್ಯಾಲೆ ಹಕ್ಕರಕಿ ಸಿಕ್ಕಿತು,
ಬಾಯಿಗೆ ಕಹಿ, ಎಳೀದು.
ಕಾಶಿಂಬಿ ಒಂದು ಎಸಳಿಗೂ ಉಪ್ಪು ಕೇಳಲಿಲ್ಲ.
ದ್ಯಾಮವ್ವ ಒಂದು ಹುಳಾ ಬಳ್ಳಲೆ ಎತ್ತಿ
ತನ್ನ ಕರೀ ಕುತಗಿ ಮ್ಯಾಲೆ ಬಿಟ್ಟಗೊಂಡಳು,
"ಇಲ್ಲಿಂದೂ ತಿನ್ನವಾ."
ಅದು ಅಲ್ಲೆ ತುಸು ತಿರಗ್ಯಾಡಿ, ನಿಂತು,
ರೆಕ್ಕಿ ಬಿಚ್ಚಿ ಬದುವಿಗೆ ಹೋತು.

ನಮಗೂ ಇನ್ನ ಆರು ಸಾಲು ಇದ್ದುವು.